ಕೈಯಿಂದ ಕೈಗೆ



ಒಂದು ಕಟ್ಟಿನ ಕಥೆಯಿಂದ ಈ ಮಾತನ್ನು ಆರಂಭಿಸುತ್ತೇನೆ. ಸಾಗರದ ಕಡೆಯ ಹಳ್ಳಿಯೊಂದರಲ್ಲಿರುವ ನನ್ನ ಅಕ್ಕ ಒಂದು ಬೇಸಗೆಯಲ್ಲಿ ಬೆಂಗಳೂರಿಗೆ, ನನ್ನ ಹೆಸರಿಗೆ, ಒಂದು ಪಾರ್ಸೆಲು ಕಳುಹಿಸಿದಳು. ಅದರಲ್ಲಿ ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿಯೂ, ಬಟ್ಟೆಯಲ್ಲಿ ಸುತ್ತಿದ ಒಂದು ಹಳೆಯ ಪುಸ್ತಕವೂ ಇದ್ದುವು. ಪುಸ್ತಕವೆಂದರೆ ಅಚ್ಚಾದುದಲ್ಲ, ನಮ್ಮ ತಾಯಿ ಮದುವೆಯಾಗಿ ಬಂದಂದಿನಿಂದ ತನ್ನ ಕೈಯಿಂದಲೇ ಬರೆದಿಟ್ಟುಕೊಂಡಿದ್ದ ಹಾಡಿನ ಪುಸ್ತಕ. ಆರತಿಯ ಹಾಡು, ಹಸೆಯ ಹಾಡು, ತೊಟ್ಟಿಲ ಹಾಡು, ಎಲ್ಲವೂ ಅದರಲ್ಲಿದ್ದುವು. ಕೊರಿಯರ್ ಕಚೇರಿಯ ಗುಮಾಸ್ತನು "ಒಳಗೇನಿದೆ? ಬೆಲೆಯೆಷ್ಟು?" ಎಂದು ಕೇಳಿದಾಗ ಅಕ್ಕ "ಉಪ್ಪಿನಕಾಯಿ, ಇನ್ನೂರು ರೂಪಾಯಿ" ಎಂದು ಬರೆಸಿದಳು. ತಾಯಿಯ ಅಕ್ಷರಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದು ಅವಳಿಗೆ ತಿಳಿಯಲಿಲ್ಲ; ತಿಳಿಯುವುದಾದರೂ ಹೇಗೆ?

ನಾಲ್ಕನೆಯ ದಿನ ನನ್ನ ಫೋನಿಗೆ ಒಂದು ಸಂದೇಶ ಬಂತು: ಪಾರ್ಸೆಲು ತಲುಪಿದೆ, ಪಡೆದವರು ಸ್ವತಃ ಎಂದು. ಆ ದಿನವೆಲ್ಲ ನಾನು ಮನೆಯಲ್ಲಿಯೇ ಇದ್ದೆ. ಬಾಗಿಲು ತಟ್ಟಿದವರೂ ಇಲ್ಲ, ಗಂಟೆ ಒತ್ತಿದವರೂ ಇಲ್ಲ. ನನಗೆ ಬಾರದ ವಸ್ತುವನ್ನು ನಾನೇ ಪಡೆದೆನೆಂದು ಲೆಕ್ಕದಲ್ಲಿ ಬರೆದಾಗಿತ್ತು.

ಇಂತಹ ಅನುಭವ ಕೇಳುಗರಲ್ಲಿ ಅನೇಕರಿಗೆ ಆಗಿರಬಹುದು. ನಮಗೆ ಬೇಕಾದ ಔಷಧ, ಪುಸ್ತಕ, ಸೀರೆ, ಪಾತ್ರೆ ಎಲ್ಲವೂ ಈಗ ಮನೆಯ ಬಾಗಿಲಿಗೇ ಬರುತ್ತವೆ. ಬರಬೇಕಾದುದು ಬಾರದಿದ್ದಾಗ "ಕಳ್ಳರು, ಎಲ್ಲರೂ ಕಳ್ಳರು" ಎಂದು ಸಿಡುಕಿ ಸುಮ್ಮನಾಗುತ್ತೇವೆ. ಆದರೆ ಕಳವು ಎಲ್ಲಿ ಆಗುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಸ್ತುವು ದಾರಿಯಲ್ಲಿ ಹೋಗುತ್ತಿರುವಾಗ ಕಳೆಯುವುದು ಅಪರೂಪ. ಅದು ಕಳೆಯುವುದು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಕ್ಷಣದಲ್ಲಿ. ಆ ಕ್ಷಣದಲ್ಲಿ ಕೊಟ್ಟವರಾರು, ಕೊಂಡವರಾರು ಎಂಬುದು ಖಚಿತವಾಗಿದ್ದರೆ ಕಳವಿಗೆ ಎಡೆಯಿಲ್ಲ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಅಂಚೆಯ ಏರ್ಪಾಡು ನೆಲೆಗೊಂಡಿತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿಹೋಯಿತು. ಆ ದಿನಗಳ ಓಟದ ಅಂಚೆಯವನು ಚೀಲವನ್ನು ಹೆಗಲಿಗೇರಿಸಿ, ಗೆಜ್ಜೆ ಕಟ್ಟಿದ ಕೋಲನ್ನು ಹಿಡಿದು ಒಂದು ಹಂತದವರೆಗೆ ಓಡುವನು. ಅಲ್ಲಿ ಕಾದಿರುವ ಇನ್ನೊಬ್ಬನಿಗೆ ಚೀಲವನ್ನು ಒಪ್ಪಿಸುವನು. ಬೆಲೆಯುಳ್ಳ ಪಾರ್ಸೆಲನ್ನು ಕಳುಹಿಸುವವರು ಅದನ್ನು ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿ, ತೂಕ ಮಾಡಿಸಿ, ವಿಮೆಯ ರಸೀತಿ ಪಡೆಯುತ್ತಿದ್ದುದನ್ನು ನಮ್ಮಲ್ಲಿ ವಯಸ್ಸಾದವರು ಕಂಡಿದ್ದಾರೆ. ಮುದ್ರೆ ಒಡೆದಿದ್ದರೆ ಪಡೆಯುವವನು ರುಜು ಹಾಕುವ ಮುನ್ನವೇ ತಕರಾರು ಹೇಳುತ್ತಿದ್ದನು.

ಹಾಗೆಂದು ಆಗ ಎಲ್ಲರೂ ಹರಿಶ್ಚಂದ್ರರಾಗಿದ್ದರೆಂದು ನಾನು ಹೇಳುವುದಿಲ್ಲ. ಅಂಚೆಯ ವಸ್ತುವನ್ನು ಕದ್ದ ನೌಕರನಿಗೆ ಏಳು ವರ್ಷಗಳ ವರೆಗೆ ಸೆರೆವಾಸವೆಂದು 1898ರ ಅಂಚೆ ಕಾಯಿದೆಯಲ್ಲಿ ವಿಧಿಸಿದ್ದರು. ಕದಿಯುವವರು ಇಲ್ಲದಿದ್ದಲ್ಲಿ ಅಂತಹ ಕಟ್ಟಳೆ ಏಕೆ ಹುಟ್ಟೀತು? ಮನುಷ್ಯನಲ್ಲಿ ಆಸೆ ಇದ್ದೇ ಇರುತ್ತದೆಂದು ತಿಳಿದು, ಅದಕ್ಕೆ ಅವಕಾಶವಿಲ್ಲದಂತೆ ಏರ್ಪಾಡು ಮಾಡಿದ್ದರೆಂಬುದಷ್ಟೇ ನನ್ನ ಮಾತು.

ಈಗಿನ ಪಾರ್ಸೆಲಿನ ಪ್ರಯಾಣವನ್ನು ನೋಡೋಣ. ಊರಿನ ಕಚೇರಿಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಲಾರಿಗೆ, ಲಾರಿಯಿಂದ ವಿಂಗಡಣೆಯ ಕೇಂದ್ರಕ್ಕೆ, ಮತ್ತೊಂದು ಲಾರಿಗೆ, ಬಡಾವಣೆಯ ಮಳಿಗೆಗೆ, ಕೊನೆಗೆ ಮೋಟಾರು ಸೈಕಲ್ಲಿನ ಮೇಲಿನ ಹುಡುಗನ ಚೀಲಕ್ಕೆ. ಪ್ರತಿಯೊಂದು ಹಂತದಲ್ಲಿಯೂ ಕಟ್ಟಿನ ಮೇಲಿನ ಗೆರೆಗಳ ಗುರುತನ್ನು ಯಂತ್ರವು ಓದುತ್ತದೆ. ಕಟ್ಟು ಬಂದಿತೆಂಬುದನ್ನು ಯಂತ್ರ ಬಲ್ಲುದು. ಅದರೊಳಗೆ ಏನು ಉಳಿದಿದೆಯೆಂಬುದನ್ನು ಅರಿಯದು. ಅಂಟುಪಟ್ಟಿಯನ್ನು ಸೀಳಿ, ಫೋನನ್ನು ತೆಗೆದು, ಅದರ ತೂಕಕ್ಕೆ ಸರಿಯಾಗಿ ಸಾಬೂನಿಟ್ಟು ಮತ್ತೆ ಅಂಟಿಸಿದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಅರಗಿನ ಮುದ್ರೆಯಂತೆ ಅಂಟುಪಟ್ಟಿಯು ಒಡೆದುದನ್ನು ಹೇಳಿಕೊಡುವುದಿಲ್ಲ.

ಎಲ್ಲಕ್ಕಿಂತ ಸಡಿಲವಾದುದು ಕೊನೆಯ ಕೈ. ಹಿಂದೆ ವಸ್ತು ತಲುಪಿತೆಂಬುದಕ್ಕೆ ಪಡೆದವನ ರುಜು ಸಾಕ್ಷಿಯಾಗಿತ್ತು. ಈಗ ಹಲವು ಕಡೆಗಳಲ್ಲಿ ತಂದವನೇ "ತಲುಪಿತು" ಎಂದು ಗುಂಡಿ ಒತ್ತುತ್ತಾನೆ. ಕೊಟ್ಟವನೂ ಅವನೇ, ಸಾಕ್ಷಿಯೂ ಅವನೇ. ಈ ಕುಂದನ್ನು ಕಂಡೇ ಕೆಲವರು ಗುಟ್ಟಿನ ಅಂಕೆಯನ್ನು ಪಡೆಯುವವರ ಫೋನಿಗೆ ಕಳುಹಿಸಿ, ಅದನ್ನು ಹೇಳಿದ ಮೇಲೆಯೇ ವಸ್ತುವನ್ನು ಒಪ್ಪಿಸುವ ಪದ್ಧತಿಯನ್ನು ತಂದಿದ್ದಾರೆ. ರಿಜಿಸ್ಟರ್ಡ್ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಲೀನವಾದರೂ ಕೈಗೇ ಒಪ್ಪಿಸುವ ತತ್ತ್ವವನ್ನು ಅಂಚೆ ಇಲಾಖೆ ಬಿಟ್ಟಿಲ್ಲ. ರುಜುವಾಗಲಿ, ಗುಟ್ಟಿನ ಅಂಕೆಯಾಗಲಿ, ಎರಡರ ಅರ್ಥವೂ ಒಂದೇ: ಪಡೆದವನೇ "ಪಡೆದೆ" ಎನ್ನಬೇಕು.

ವಸ್ತು ಕಳೆದರೆ ಕಾನೂನು ಏನು ಹೇಳುತ್ತದೆ? 1865ರ ಸಾಗಣೆದಾರರ ಕಾಯಿದೆಯಲ್ಲಿಯೇ ಒಂದು ನಿಯಮವಿತ್ತು: ಚಿನ್ನ, ಬೆಳ್ಳಿ, ರೇಷ್ಮೆ ಮೊದಲಾದ ವಸ್ತುಗಳ ಬೆಲೆ 100 ರೂಪಾಯಿಗೆ ಮೀರಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಆ ಕಾಯಿದೆ ಹೋಗಿ 2007ರ ಹೊಸ ಕಾಯಿದೆ ಬಂದರೂ, ಬೆಲೆ ತಿಳಿಸದವನ ಕೈ ಸೋತದ್ದೇ ಎಂಬ ನೀತಿ ಉಳಿದುಕೊಂಡಿದೆ. 1996ರಲ್ಲಿ ಒಂದು ಕೊರಿಯರ್ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಕಳುಹಿಸಿದವರು ರುಜು ಮಾಡಿದ ಚೀಟಿಯಲ್ಲಿ 100 ಡಾಲರಿನ ಮಿತಿ ಇದ್ದುದರಿಂದ ಅದಕ್ಕಿಂತ ಹೆಚ್ಚಿನ ಪರಿಹಾರ ಸಲ್ಲದೆಂದು ತೀರ್ಮಾನವಾಯಿತು. ಚೀಟಿಯ ಸಣ್ಣ ಅಕ್ಷರಗಳನ್ನು ನಾವು ಓದುವುದಿಲ್ಲ; ನ್ಯಾಯಾಲಯ ಓದುತ್ತದೆ.

ಆದರೆ ಕೇಳುಗರು ಕೈಕಟ್ಟಿ ಕೂಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾವು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಅಂತರ್ಜಾಲದ ಅಂಗಡಿಗಳು ದೂರು ಬಂದುದನ್ನು 48 ಗಂಟೆಗಳಲ್ಲಿ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂದು 2020ರ ನಿಯಮಗಳಲ್ಲಿದೆ. ಸಾಗಣೆಗೆಂದು ನಂಬಿ ಕೊಟ್ಟುದನ್ನು ನುಂಗಿದರೆ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷಗಳ ವರೆಗೆ ಶಿಕ್ಷೆಯಿದೆ.

ಈಗ ನನ್ನ ಕಥೆಗೆ ಮರಳುತ್ತೇನೆ. ನಾನು ದೂರು ಕೊಟ್ಟೆ. ಯಾರ ಮೇಲೆ ಕೊಟ್ಟೆ? ಕಂಪೆನಿಯ ಮೇಲೆ ಅಲ್ಲ. ಪಾರ್ಸೆಲು ಹೊತ್ತ ಹುಡುಗನ ಮೇಲೆ. ಅವನೇ ಕದ್ದನೆಂದು ಕೋಪದಲ್ಲಿ ಖಂಡಿತವಾಗಿ ಬರೆದೆ. ಹತ್ತೊಂಬತ್ತನೆಯ ದಿನ, ಪಕ್ಕದ ಬಡಾವಣೆಯ ಒಬ್ಬ ವೃದ್ಧರು ಕಟ್ಟನ್ನು ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. ನಮ್ಮದು ಎರಡನೆಯ ಹಂತ, ಅವರದು ಒಂದನೆಯ ಹಂತ. ಮನೆಯ ಸಂಖ್ಯೆಯೂ ಅಡ್ಡರಸ್ತೆಯ ಸಂಖ್ಯೆಯೂ ಒಂದೇ. ಅಕ್ಕ ಮೇಲ್ವಿಳಾಸದಲ್ಲಿ ಹಂತವನ್ನು ಬರೆದಿರಲಿಲ್ಲ. ಬರೆಯಬೇಕೆಂದು ನಾನೂ ಅವಳಿಗೆ ಹೇಳಿರಲಿಲ್ಲ. ವೃದ್ಧರು ಮಗಳ ಊರಿಗೆ ಹೋಗಿದ್ದರು. ಹುಡುಗನು ಗೇಟಿನೊಳಗೆ ಇಟ್ಟುಹೋದುದನ್ನು ಕೆಲಸದಾಕೆ ಎತ್ತಿ ಒಳಗಿಟ್ಟಿದ್ದಳು. ಹಾಡಿನ ಪುಸ್ತಕದ ಒಂದು ಹಾಳೆಯೂ ಮುದುಡಿರಲಿಲ್ಲ.

ನಾನು ಒಡನೆಯೇ ಆ ಮಳಿಗೆಗೆ ಹೋದೆ. ಹುಡುಗನಲ್ಲಿ ತಪ್ಪಿರಲಿಲ್ಲವೆಂದಲ್ಲ, ಯಾರ ಕೈಗೂ ಕೊಡದೆ ಕೊಟ್ಟೆನೆಂದು ಬರೆದುದು ತಪ್ಪೇ. ಆದರೆ ಅವನು ಕಳ್ಳನಲ್ಲ. ಅಲ್ಲಿಯವರು, "ಅವನು ಈಗ ಇಲ್ಲಿಲ್ಲ ಸಾರ್, ನಿಮ್ಮ ದೂರು ಬಂದ ಮೇಲೆ ಗುತ್ತಿಗೆದಾರ ತೆಗೆದುಬಿಟ್ಟ" ಎಂದರು. ಎಲ್ಲಿ ಸಿಗುವನೆಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಕಟ್ಟಿನ ಜಾಡು ಹಿಡಿಯಲು ಯಂತ್ರವಿತ್ತು. ಆ ಹುಡುಗನ ಜಾಡು ಹಿಡಿಯಲು ಏನೂ ಇರಲಿಲ್ಲ. ಕಟ್ಟು ದೊರೆತಿತೆಂದು ಬರೆದ ನನ್ನ ಕಾಗದವನ್ನು ಅವರು ತೆಗೆದುಕೊಂಡು ಮೇಜಿನ ಮೇಲಿಟ್ಟರು. ಅಷ್ಟೇ.

ಇಂತಹ ಹುಡುಗರಲ್ಲಿ ಅನೇಕರಿಗೆ ಸಂಬಳವಿಲ್ಲ. ತಲುಪಿಸಿದ ಕಟ್ಟಿಗೆ ಇಷ್ಟೆಂದು ಕೂಲಿ. ಬಾಗಿಲಲ್ಲಿ ಐದು ನಿಮಿಷ ಕಾದರೆ ಆ ಐದು ನಿಮಿಷ ಅವರ ಸ್ವಂತ ನಷ್ಟ. ಕಾಯುವುದಕ್ಕೆ ಕೂಲಿ ಕೊಡದ ಏರ್ಪಾಡು ಕಾಯದವನನ್ನು ದೂರಿದರೆ ನ್ಯಾಯವೆಲ್ಲಿ? 2025ರಲ್ಲಿ ಕರ್ನಾಟಕವು ಇಂತಹ ಗಿಗ್ ಕೆಲಸಗಾರರಿಗಾಗಿ ಒಂದು ಕಾಯಿದೆ ಮಾಡಿ, ಅವರಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರ ವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಗಳಿಂದ ಪಡೆಯಬೇಕೆಂದು ಗೊತ್ತುಮಾಡಿತು. ಒಳ್ಳೆಯ ಆರಂಭ, ಅದು ಕಾಗದದಿಂದ ಬೀದಿಗೆ ಇಳಿಯಬೇಕು.

ಪಡೆಯುವ ನಾವೂ ನಿರ್ದೋಷಿಗಳಲ್ಲ. 1877ರಲ್ಲಿ ವಿ. ಪಿ. ಪದ್ಧತಿ ಬಂದಂದಿನಿಂದ, ತಾವೇ ತರಿಸಿದ ಪುಸ್ತಕವನ್ನು ಬೇಡವೆಂದು ಹಿಂದಕ್ಕೆ ಕಳುಹಿಸಿ ಪ್ರಕಾಶಕನ ತಲೆಯ ಮೇಲೆ ಎರಡು ಕಡೆಯ ಅಂಚೆಯ ಖರ್ಚನ್ನು ಹೊರಿಸಿದವರು ವಿದ್ಯಾವಂತರೇ. ಬಂದುದನ್ನು ಬರಲಿಲ್ಲವೆಂದು ಹೇಳಿ ಹಣ ಹಿಂದಕ್ಕೆ ಪಡೆಯುವವರು ಈಗಲೂ ಇದ್ದಾರೆ.

ಆದುದರಿಂದ ನನ್ನ ಬಿನ್ನಹ ಚಿಕ್ಕದು. ಮೇಲ್ವಿಳಾಸವನ್ನು ಪೂರ್ತಿಯಾಗಿ ಬರೆಯಿರಿ. ಬೆಲೆಯನ್ನು ನಿಜವಾಗಿ ತಿಳಿಸಿ, ತೂಕದ ರಸೀತಿ ಇಟ್ಟುಕೊಳ್ಳಿರಿ. ಕಟ್ಟು ಹರಿದಿದ್ದರೆ ತಂದವನ ಎದುರಿಗೇ ನೋಡಿ, ಚಿತ್ರ ತೆಗೆದು ಬರೆದುಕೊಳ್ಳಿರಿ. ಗುಟ್ಟಿನ ಅಂಕೆಯನ್ನು ವಸ್ತು ಕೈಗೆ ಬಂದ ಮೇಲಲ್ಲದೆ ಹೇಳಬೇಡಿರಿ. ದೂರು ಕೊಡಬೇಕಾದರೆ ಹೊಣೆ ಹೊತ್ತ ಸಂಸ್ಥೆಯ ಮೇಲೆ ಕೊಡಿರಿ. ಏನು ಬರಲಿಲ್ಲವೆಂಬುದನ್ನು ಬರೆಯಿರಿ, ಯಾರು ಕದ್ದರೆಂಬುದನ್ನು ಕಾಣದೆ ಬರೆಯಬೇಡಿರಿ.

ಆ ಪುಸ್ತಕ ನಮ್ಮ ಮನೆಯಲ್ಲಿದೆ. ಅದನ್ನು ತೆರೆದಾಗಲೆಲ್ಲ ತಾಯಿಯ ಅಕ್ಷರದೊಡನೆ, ನಾನು ಮುಖ ನೋಡದ ಒಬ್ಬ ಹುಡುಗನ ನೆನಪೂ ಬರುತ್ತದೆ. ನನ್ನ ಕೈ ಸೇರಬೇಕಾದುದು ನನ್ನ ಕೈ ಸೇರಿತು. ಅವನಿಗೆ ನಾನು ಕೊಡಬೇಕಾದುದು ಇನ್ನೂ ನನ್ನ ಕೈಯಲ್ಲಿಯೇ ಉಳಿದಿದೆ.