ಭೂಗೋಳ ಪದವಿಗೆ ಕನ್ನಡದ ಬುನಾದಿ



ಭೂಗೋಳಶಾಸ್ತ್ರದ ಪದವಿ ವ್ಯಾಸಂಗವೆಂದರೆ ನದಿ, ರಾಜಧಾನಿಗಳ ಹೆಸರುಗಳ ಬಾಯಿಪಾಠವಲ್ಲ. ಭೂಸ್ವರೂಪ, ವಾಯುಗುಣ, ಜನವಸತಿಗಳ ಪರಸ್ಪರ ಸಂಬಂಧವನ್ನು ಅರಿಯುವುದು. ನಕ್ಷಾರಚನೆಯಲ್ಲಿಯೂ ಕ್ಷೇತ್ರಕಾರ್ಯದಲ್ಲಿಯೂ ಪಳಗುವುದು. ಅಲ್ಲಿ 1:50,000 ಪ್ರಮಾಣದ ನಕ್ಷೆಯನ್ನು ಬಿಡಿಸಿದೊಡನೆ ಗಡಿನಾಡಿನ ನಮ್ಮ ವಿದ್ಯಾರ್ಥಿಗಳು ಇಂಗ್ಲಿಷ್ ಪರಿಭಾಷೆಗೆ ಅಂಜಿ, ವಿಷಯವನ್ನೇ ತೊರೆಯುವುದನ್ನು ಕಂಡಿದ್ದೇನೆ.

ತಾಳವಾಡಿಯ ಮಕ್ಕಳನ್ನು ಕೇಳಿ: ದಿಂಬಂ ಘಟ್ಟದ ರಸ್ತೆಗೆ 27 ತಿರುವುಗಳೇಕೆ? ಸಮೋನ್ನತ ರೇಖೆಗಳು ಒತ್ತೊತ್ತಾಗಿರುವಲ್ಲಿ ಇಳಿಜಾರು ಕಡಿದಾಗಿರುತ್ತದೆ. ನೇರ ದಾರಿಯಲ್ಲಿ ವಾಹನ ಏರಲಾರದು. ಇಷ್ಟನ್ನು ಕನ್ನಡದಲ್ಲಿ ಮನಗಂಡವರು ಕಾಲೇಜಿನಲ್ಲಿ ಹೊಸದಾಗಿ ಕಲಿಯಬೇಕಾದುದು ಪದವನ್ನು ಮಾತ್ರ, ಪರಿಕಲ್ಪನೆಯನ್ನಲ್ಲ.

ಆದುದರಿಂದ ಪ್ರೌಢಶಾಲೆಯಲ್ಲಿಯೇ ಊರಿನ ನಕ್ಷೆಯನ್ನು ಓದಿಸಿರಿ. ಕನ್ನಡ, ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಕಪ್ಪುಹಲಗೆಯ ಮೇಲೆ ಜೊತೆಜೊತೆಯಾಗಿ ಬರೆಯಿರಿ. ಆ ಅಂಜಿಕೆ ಅಲ್ಲಿಯೇ ಕರಗಲಿ.