ಕೆಂಪು ರಕ್ತಕಣದ ಅಂಚಿನ ಚುಕ್ಕೆ

ಹಾಸನ ಸೀಮೆಯ ದನಗಳನ್ನು ಕುರಿತು ಬರೆದವರು ಅವುಗಳ ಕೊಂಬು, ಬಣ್ಣ, ನಡಿಗೆ, ಜಾತ್ರೆಯ ಬೆಲೆ ಎಲ್ಲವನ್ನೂ ಬಾಯ್ತುಂಬ ಹೊಗಳಿದ್ದಾರೆ. ಆದರೆ ಅದೇ ದನಗಳ ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲಿನ ಸಂದಿಯಲ್ಲಿ ತಲೆತಲಾಂತರದಿಂದ ಬಾಳಿಬಂದ ಉಣ್ಣಿಯ ಕಡೆಗೆ ಚರಿತ್ರೆಯ ಕಣ್ಣು ಹರಿದದ್ದು ಅಪರೂಪ. ಉಣ್ಣಿ ಎಂಬುದು ಜೇಡ, ಚೇಳುಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜೀವಿಯಾಗಿದ್ದು, ರಕ್ತವನ್ನು ಹೀರುವಾಗ ತನ್ನ ಜೊಲ್ಲಿನ ಮೂಲಕ ವೈರಸ್, ಬ್ಯಾಕ್ಟೀರಿಯಾ ಮತ್ತು ಏಕಕೋಶ ಪರೋಪಜೀವಿಗಳನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸಬಲ್ಲದು.

17ನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಕಟ್ಟಿ, ಟಿಪ್ಪು ಸುಲ್ತಾನನ ಕಾಲಕ್ಕೆ ಅದು ಅಮೃತಮಹಲ್ ಎನಿಸಿಕೊಂಡಾಗ, ರಾಜ್ಯದ ದನಗಳಿಗೆ ಬೇಸಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು ಎಂದು ಹುಲ್ಲುಗಾವಲುಗಳು, ಅಂದರೆ ಕಾವಲುಗಳು, ನಿಗದಿಯಾಗಿದ್ದವು. ಹುಲ್ಲು, ನೀರುಗಳಿಗಾಗಿಯೇ ಏರ್ಪಟ್ಟ ವ್ಯವಸ್ಥೆ ಅದಾಗಿದ್ದರೂ, ದನವಿಲ್ಲದ ಕಾವಲಿನಲ್ಲಿ ಮೊಟ್ಟೆಯೊಡೆದ ಉಣ್ಣಿಮರಿಗಳು ಹುಲ್ಲಿನ ತುದಿಯಲ್ಲಿ ಕಾದು ಕಾದು ಹಸಿವಿನಿಂದ ಸಾಯುತ್ತವೆ ಎಂಬ ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ನೋಡಿದರೆ ಆ ಏರ್ಪಾಟಿನ ಜಾಣತನ ಬೆರಗು ಹುಟ್ಟಿಸುತ್ತದೆ. 

ಉಣ್ಣಿಯೇ ರೋಗವನ್ನು ಹೊತ್ತು ತರುತ್ತದೆ ಎಂಬುದು ಮೊದಲು ಸಿದ್ಧವಾದದ್ದು ಅಮೆರಿಕದಲ್ಲಿ. ಟೆಕ್ಸಾಸಿನ ದನಗಳು ಮೈತುಂಬ ಆರೋಗ್ಯದಿಂದ ಉತ್ತರಕ್ಕೆ ನಡೆದುಹೋದರೆ, ಅವು ಮೇಯ್ದ ದಾರಿಯಲ್ಲಿ ಮೇಯ್ದ ಉತ್ತರದ ದನಗಳು ಜ್ವರ ಬಂದು ಸಾಯುತ್ತಿದ್ದವು. ಥಿಯೊಬಾಲ್ಡ್ ಸ್ಮಿತ್ ಮತ್ತು ಫ್ರೆಡ್ ಕಿಲ್ಬೋರ್ನ್ ಎಂಬಿಬ್ಬರು 1889ರಿಂದ ಬೇಲಿ ಹಾಕಿದ ಹೊಲಗಳಲ್ಲಿ ಪ್ರಯೋಗ ನಡೆಸಿದರು. ಉಣ್ಣಿಯನ್ನೆಲ್ಲ ಕಿತ್ತುಹಾಕಿದ ದಕ್ಷಿಣದ ದನಗಳ ಜೊತೆ ಕಟ್ಟಿದ ದನಗಳು ಉಳಿದುಕೊಂಡವು. ಬರೀ ಉಣ್ಣಿಗಳನ್ನು ಚೆಲ್ಲಿದ ಹೊಲದ ದನಗಳು ಕಾಯಿಲೆ ಬಿದ್ದವು. ಈ ಫಲಿತಾಂಶ 1893ರಲ್ಲಿ ಪ್ರಕಟವಾಯಿತು. ಆ ಜ್ವರಕ್ಕೆ ಕಾರಣ ಬೆಬೀಸಿಯಾ ಎಂಬ ಏಕಕೋಶ ಜೀವಿಯೇ ಹೊರತು ಬ್ಯಾಕ್ಟೀರಿಯಾ ಅಲ್ಲ. ಆದರೆ ಸ್ಮಿತ್ ತನ್ನ ಸೂಕ್ಷ್ಮದರ್ಶಕದಲ್ಲಿ ಕೆಲವು ದನಗಳ ಕೆಂಪು ರಕ್ತಕಣಗಳ ಅಂಚಿನಲ್ಲಿ ಸಣ್ಣ ಚುಕ್ಕೆಗಳನ್ನೂ ಕಂಡು, ಅವು ಅದೇ ಜೀವಿಯ ಒಂದು ಅವಸ್ಥೆಯೆಂದು ಭಾವಿಸಿ ಮುಂದೆ ಸಾಗಿದನು.

ಆ ಚುಕ್ಕೆಯ ಮುಂದೆ ನಿಂತು ಯೋಚಿಸಿದವನು ಆರ್ನಲ್ಡ್ ಥೈಲರ್. ಸ್ವಿಟ್ಜರ್ಲೆಂಡಿನಲ್ಲಿ ಪಶುವೈದ್ಯ ಕಲಿತು 1891ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ಗೆ ಬಂದ ಈ ತರುಣನಿಗೆ ಕೈಹಿಡಿಯುವವರಿರಲಿಲ್ಲ. ಹೊಟ್ಟೆಪಾಡಿಗಾಗಿ ಒಂದು ಜಮೀನಿನಲ್ಲಿ ಕೆಲಸಕ್ಕೆ ನಿಂತಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎಡಗೈಯನ್ನೇ ಕಳೆದುಕೊಂಡನು. ದನದ ಹೊಟ್ಟೆಯೊಳಗೆ ಕೈಯಿಟ್ಟು ಕರುವನ್ನು ಎಳೆಯಬೇಕಾದ, ಎಗರುವ ಕುದುರೆಯನ್ನು ಹಿಡಿದು ನಿಲ್ಲಿಸಬೇಕಾದ ವೃತ್ತಿಯವನಿಗೆ ಅದು ಬಾಳಿನ ಕೊನೆಯೆಂದೇ ಯಾರಿಗಾದರೂ ತೋರಬೇಕಾಗಿತ್ತು. ಥೈಲರ್ ಕೃತಕ ಕೈ ಕಟ್ಟಿಕೊಂಡು ಸಿಡುಬಿನ ಲಸಿಕೆ ತಯಾರಿಸಿದನು, 1896ರಲ್ಲಿ ದೊಡ್ಡರೋಗವೆಂಬ ದನಗಳ ಪಿಡುಗಿನ ಹಾವಳಿಯಲ್ಲಿ ದುಡಿದನು, 1908ರಲ್ಲಿ ಒಂಡರ್‌ಸ್ಟೆಪೋರ್ಟ್ ಪ್ರಯೋಗಾಲಯವನ್ನು ಕಟ್ಟಿ ನಿಲ್ಲಿಸಿದನು.

ಅಂಚಿನ ಆ ಚುಕ್ಕೆ ಬೇರೆಯೇ ಒಂದು ಜೀವಿ ಎಂದು ಸಾರಿ, 1910ರಲ್ಲಿ ಅದಕ್ಕೆ ಅನಾಪ್ಲಾಸ್ಮಾ ಮಾರ್ಜಿನೇಲ್ ಎಂದು ಹೆಸರಿಟ್ಟವನು ಈತನೇ. ಮರುವರ್ಷ ಕಣದ ನಡುಭಾಗದಲ್ಲಿ ನೆಲೆಸುವ, ಸೌಮ್ಯವಾದ ಕಾಯಿಲೆಯನ್ನಷ್ಟೇ ತರುವ ಅನಾಪ್ಲಾಸ್ಮಾ ಸೆಂಟ್ರೇಲ್ ಎಂಬ ಅದರ ದಾಯಾದಿಯನ್ನು ಗುರುತಿಸಿ, ಅದನ್ನೇ ಜೀವಂತ ಲಸಿಕೆಯಾಗಿ ಬಳಕೆಗೆ ತಂದನು. ಆ ಲಸಿಕೆ ಹಲವು ದೇಶಗಳಲ್ಲಿ ನೂರು ವರ್ಷಗಳ ಅನಂತರವೂ ಉಪಯೋಗದಲ್ಲಿ ಉಳಿದಿದೆ. ಥೈಲರ್ ಏಕಕೋಶ ಪ್ರಾಣಿಯೆಂದು ಎಣಿಸಿದ್ದ ಅನಾಪ್ಲಾಸ್ಮಾವನ್ನು ಮುಂದಿನ ಸಂಶೋಧನೆ ಬ್ಯಾಕ್ಟೀರಿಯಾಗಳ ಸಾಲಿನಲ್ಲಿ ಕೂರಿಸಿತು. ಅದರಿಂದ ಆತನ ಕೀರ್ತಿಗೆ ಕುಂದೇನೂ ಬರಲಿಲ್ಲ.

ಇಲ್ಲಿಂದ ಚರಿತ್ರೆ ಕಾಡಿನೊಳಕ್ಕೆ ಹೊಕ್ಕಿತು. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಯ್ನ್ಟನ್ ಮತ್ತು ವುಡ್ಸ್ ಎಂಬವರು, ನೋಡಲು ಆರೋಗ್ಯವಾಗಿದ್ದ ಕಾಡು ಜಿಂಕೆಗಳ ರಕ್ತವನ್ನು ದನಗಳಿಗೆ ಚುಚ್ಚಿ, ದನಗಳು ಅನಾಪ್ಲಾಸ್ಮಾದಿಂದ ಮಲಗಿದ್ದನ್ನು ತೋರಿಸಿದರು. ಜಿಂಕೆ ರೋಗಿಯಾಗದೆಯೇ ರೋಗವನ್ನು ಹೊರಬಲ್ಲದು ಎಂಬುದು ಇದರಿಂದ ಖಚಿತವಾಯಿತು. ಸ್ಕಾಟ್ಲೆಂಡಿನ ಕುರಿಗಳಲ್ಲಿ 1930ರ ದಶಕದಲ್ಲಿ ಗುರುತಿಸಲಾದ ಉಣ್ಣಿಜ್ವರಕ್ಕೆ ಕಾರಣವಾದ, ಬಿಳಿ ರಕ್ತಕಣಗಳಲ್ಲಿ ನೆಲೆಸುವ ಅನಾಪ್ಲಾಸ್ಮಾ ಫ್ಯಾಗೊಸೈಟೋಫಿಲಮ್ ಮುಂದೆ ನಾರ್ವೆಯ ಮೂಸ್ ಎಂಬ ದೈತ್ಯ ಜಿಂಕೆಗಳ ರಕ್ತದಲ್ಲಿಯೂ ಕಾಣಿಸಿಕೊಂಡಿತು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಪತ್ತೆಹಚ್ಚಿದ, ಉಣ್ಣಿಯಿಂದ ಮನುಷ್ಯರಿಗೆ ತಗಲುವ ಲೈಮ್ ರೋಗದ ಬ್ಯಾಕ್ಟೀರಿಯಾದ ವಿಷಯದಲ್ಲಂತೂ ಜಿಂಕೆ ಉಣ್ಣಿಗೆ ಊಟವಿಡುತ್ತದೆಯೇ ಹೊರತು ಅದಕ್ಕೆ ಸೋಂಕನ್ನು ಅಂಟಿಸುವುದಿಲ್ಲ. ಆ ಕೆಲಸ ಇಲಿ ಮೊದಲಾದ ಸಣ್ಣ ಪ್ರಾಣಿಗಳದು. ನಾಗರಹೊಳೆ, ಬಂಡೀಪುರ ಕಾಡುಗಳ ಪ್ರದೇಶದ ಜನರ ರಕ್ತದಲ್ಲಿಯೂ ಲೈಮ್ ಬ್ಯಾಕ್ಟೀರಿಯಾದ ವಿರುದ್ಧದ ಪ್ರತಿಕಾಯಗಳು ಸಿಕ್ಕಿರುವುದರಿಂದ ಇದು ಪರದೇಶದ ಸುದ್ದಿಯಾಗಿ ಉಳಿದಿಲ್ಲ. ಆದರೂ ಕರ್ನಾಟಕದಲ್ಲಿ ಉಣ್ಣಿ ಎಂದೊಡನೆ ನೆನಪಾಗುವುದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸತ್ತು ಬೆಳಕಿಗೆ ಬಂದ ವೈರಸ್ ಜ್ವರವೇ. ಅದರ ನೆರಳಿನಲ್ಲಿ ದನದ ರಕ್ತದ ಬ್ಯಾಕ್ಟೀರಿಯಾ ಮರೆಯಾಯಿತು.

ಟೆಕ್ಸಾಸಿನಲ್ಲಿ ನಡೆದದ್ದು ಹಾಸನದಲ್ಲಿ ತಿರುವು ಮುರುವಾಗಿ ನಡೆಯಿತು: ಅಲ್ಲಿ ಸೋಂಕು ಹೊಸ ದನಗಳಿದ್ದ ನೆಲಕ್ಕೆ ಹೋಯಿತು, ಇಲ್ಲಿ ಹೊಸ ದನಗಳು ಸೋಂಕಿದ್ದ ನೆಲಕ್ಕೆ ಬಂದವು. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಯಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಜಾತ್ರೆಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದ ಹಳ್ಳಿಕಾರ್ ಜೋಡಿಗಳಂಥ ನಾಟಿ ದನಗಳಿಗೆ ಉಣ್ಣಿಯನ್ನು ತಾಳಿಕೊಳ್ಳುವ ಚರ್ಮವಿತ್ತು. ಕರುವಾಗಿದ್ದಾಗ ತಗುಲಿದ ಸೋಂಕು ಹೆಚ್ಚು ಕಾಡದೆ, ರಕ್ಷಣೆಯನ್ನು ಉಳಿಸಿಹೋಗುತ್ತಿತ್ತು. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ಹಾಸನಕ್ಕೂ ಬಂದು, ಹೇಮಾವತಿಯ ನೀರು ಕಂಡ ಹೊಳೆನರಸೀಪುರದ ಕಡೆಯ ಹಟ್ಟಿಗಳಲ್ಲೂ ಹಾಲ್‌ಸ್ಟೀನ್, ಜರ್ಸಿ ಮಿಶ್ರತಳಿಗಳು ನಿಂತ ಮೇಲೆ, ಹಾಲಿನೊಂದಿಗೆ ಉಣ್ಣಿಯ ಲೆಕ್ಕವೂ ಬದಲಾಯಿತು. ಮೂತ್ರ ಕೆಂಪಾದರೆ ಸಾಮಾನ್ಯವಾಗಿ ಬೆಬೀಸಿಯಾದ ಶಂಕೆ ಬರುತ್ತದೆ. ಮೂತ್ರ ಕೆಂಪಾಗದೆ ಜ್ವರ, ರಕ್ತಹೀನತೆ, ಕಣ್ಣು ಮತ್ತು ಒಸಡಿನಲ್ಲಿ ಹಳದಿ ಬಣ್ಣ ಕಂಡರೆ ಅನಾಪ್ಲಾಸ್ಮಾವನ್ನು ಶಂಕಿಸಬೇಕು. ಟೆಟ್ರಾಸೈಕ್ಲಿನ್ ಬಳಗದ ಔಷಧಿಗೆ ಅದು ಬಗ್ಗುತ್ತದೆ. ಆದರೆ ಚೇತರಿಸಿಕೊಂಡ ದನ ಬಹುಮಟ್ಟಿಗೆ ಬಾಳಿನುದ್ದಕ್ಕೂ ಸೋಂಕನ್ನು ಹೊತ್ತಿರುತ್ತದೆ. ಉಣ್ಣಿಯಲ್ಲದೆ ಕಚ್ಚುವ ನೊಣಗಳೂ, ರಕ್ತ ಅಂಟಿದ ಸೂಜಿಯೂ, ಕೊಂಬು ಕತ್ತರಿಸುವ ಸಾಧನವೂ ಅದನ್ನು ಹರಡಬಲ್ಲವು.

ಈ ಚರಿತ್ರೆ ಕಲಿಸುವುದು ಒಂದೇ ಮಾತು: ಸೋಂಕು ಹಳಬರ ರಕ್ತದಲ್ಲಿ ಸದ್ದಿಲ್ಲದೆ ಇರುತ್ತದೆ, ಹೊಸಬರಲ್ಲಿ ರೋಗವಾಗಿ ಏಳುತ್ತದೆ. ಆದುದರಿಂದ ಕಡವೆ, ಜಿಂಕೆಗಳನ್ನು ದೂರುವುದರಿಂದಾಗಲಿ ಅವುಗಳನ್ನು ಕೊಲ್ಲುವುದರಿಂದಾಗಲಿ ಹಟ್ಟಿಗೆ ಯಾವ ಲಾಭವೂ ಇಲ್ಲ. ಜಾತ್ರೆಯಿಂದಲೋ ಸಂತೆಯಿಂದಲೋ ಹಸುವನ್ನು ತಂದವರು ಕೆಲವು ವಾರ ಅದನ್ನು ಬೇರೆ ಕಟ್ಟಿ, ಉಣ್ಣಿ ತೆಗೆಸಿ, ಜ್ವರ ಕಂಡ ದಿನವೇ ಒಂದು ಹನಿ ರಕ್ತವನ್ನು ಪಶುವೈದ್ಯರ ಸೂಕ್ಷ್ಮದರ್ಶಕದ ಕೆಳಗೆ ಇಡಿಸಬೇಕು. ಒಂದು ದನಕ್ಕೆ ಚುಚ್ಚಿದ ಸೂಜಿಯನ್ನು ಇನ್ನೊಂದಕ್ಕೆ ಚುಚ್ಚಲು ಯಾರಿಗೂ ಬಿಡಬಾರದು.