ಸಿ.ಡಿ. ಹಾಕಿದ್ರೆ ಮೆನು ತಾನೇ ಹೇಗೆ ಬರ್ತಿತ್ತು?

ಸಿ.ಡಿ.ಯನ್ನು ಡ್ರೈವ್‌ಗೆ ತಳ್ಳಿದ ಕೂಡಲೇ ಪರದೆ ಮೇಲೆ 'ಫೋಟೋ', 'ವಿಡಿಯೋ', 'ಹಾಡು' ಅಂತ ಬಟನ್‌ಗಳು ಬರ್ತಿದ್ದವು, ನೆನಪಿದೆಯಾ? ಅದರ ಹಿಂದೆ ಇದ್ದದ್ದು ಎರಡೇ ಸಾಲಿನ ಒಂದು ಫೈಲ್.

ವಿಂಡೋಸ್ 95 ತಂದ ಸೌಲಭ್ಯ ಇದು. ನೋಟ್‌ಪ್ಯಾಡ್‌ನಲ್ಲಿ ಮೊದಲ ಸಾಲು, ಚೌಕ ಕಂಸದೊಳಗೆ 'ಆಟೋರನ್'. ಎರಡನೇ ಸಾಲು, 'ಓಪನ್', ಸಮ ಚಿಹ್ನೆ, ಮೆನು ಪ್ರೋಗ್ರಾಂನ ಹೆಸರು. 'ಆಟೋರನ್ ಡಾಟ್ ಐಎನ್‌ಎಫ್' ಅಂತ ಸೇವ್ ಮಾಡಿ, ಯಾವ ಫೋಲ್ಡರ್ ಒಳಗೂ ಇಡದೆ ಡಿಸ್ಕ್‌ಗೆ ಬರ್ನ್ ಮಾಡಿದ್ರೆ ಮುಗೀತು.

ಆದ್ರೆ ಕೇಳದೇ ತೆರೆಯುವ ಬಾಗಿಲಲ್ಲಿ ಕಳ್ಳನೂ ಬರ್ತಾನೆ. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ವೈರಸ್ ಪೆನ್‌ಡ್ರೈವ್‌ಗಳಲ್ಲಿ ಇದೇ ದಾರಿ ಹಿಡೀತು. ವಿಂಡೋಸ್ 7ರಿಂದ ಪೆನ್‌ಡ್ರೈವ್‌ಗೆ ಆಟೋರನ್ ಬಂದ್. 2011ರಲ್ಲಿ ಎಕ್ಸ್‌ಪಿ, ವಿಸ್ಟಾಗಳಿಗೂ ಅದೇ ಬೀಗ ಬಿತ್ತು.

ಹಾಗಾಗಿ ನನ್ನ ಆಯ್ಕೆ ಎಚ್‌ಟಿಎಂಎಲ್ ಮೆನು. ಒಂದು ಪುಟ, ನಾಲ್ಕು ಲಿಂಕ್. ಲಿಂಕ್‌ನಲ್ಲಿ 'ಡಿ ಡ್ರೈವ್' ಅಂತ ಬರೀಬೇಡಿ, ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಅದು 'ಇ' ಆಗಿರಬಹುದು. ಫೋಲ್ಡರ್ ಮತ್ತು ಫೈಲ್ ಹೆಸರು ಮಾತ್ರ ಸಾಕು.

ಫ್ಲ್ಯಾಶ್‌ನಲ್ಲಿ ಮಾಡಿದ ಚಂದದ ಮೆನುಗಳು ಇವತ್ತು ಬ್ರೌಸರ್‌ನಲ್ಲಿ ತೆರೆಯಲ್ಲ. ಅಡೋಬಿ 2020ರ ಕೊನೆಗೆ ಫ್ಲ್ಯಾಶ್‌ಗೆ ವಿದಾಯ ಹೇಳಿತು. ಸಾದಾ ಎಚ್‌ಟಿಎಂಎಲ್ ಪುಟ ಈಗಲೂ ಯಾವ ಬ್ರೌಸರ್‌ನಲ್ಲಾದ್ರೂ ತೆರೆಯುತ್ತೆ.

ಮನೆಯ ಕಪಾಟಿನಲ್ಲಿ ಮದುವೆ ಸಿ.ಡಿ., ಅಜ್ಜಿಯ ಹಾಡಿನ ಸಿ.ಡಿ. ಇದ್ಯಾ? ಡ್ರೈವ್ ಇರೋ ಕಂಪ್ಯೂಟರ್ ಹುಡುಕಿ. ಮೆನು ತೆರೆಯದಿದ್ರೂ ಒಳಗಿನ ಫೋಟೋ, ಹಾಡು ಬೇರೆ ಫೈಲ್‌ಗಳಾಗಿ ಇರಬಹುದು. ಫೋಲ್ಡರ್‌ಗಳನ್ನು ಇದ್ದ ಹಾಗೇ ಕಾಪಿ ಮಾಡ್ಕೊಳ್ಳಿ. ಡಿಸ್ಕ್ ಹಾಳಾಗೋಕೆ ಮುಂಚೆ, ಈ ವಾರವೇ.

ಮತ್ತೆ ಸಿಗೋಣ.